ಬೀಗದೊಳಗಿನ ದಾಸೋಹ

2018ನೆಯ ಇಸವಿಯ ಶ್ರಾವಣ ಮಾಸದಲ್ಲಿ ಇಂದಿರಾನಗರದ ಕೆಲವು ಸದ್ಭಕ್ತರು ನಮ್ಮ ಮನೆಗೆ ಬಂದು, ಒಂದು ಸಮಾರಂಭದ ಅಧ್ಯಕ್ಷತೆಯನ್ನು ವಹಿಸಬೇಕೆಂದು ಕೇಳಿಕೊಂಡರು. ಉದ್ಯೋಗದಿಂದ ನಿವೃತ್ತರಾದ ಏಳೆಂಟು ಮಂದಿ ಸೇರಿ ನಡೆಸುವ ಚಿಕ್ಕ ಧರ್ಮಸಂಸ್ಥೆ ಅವರದು. ಹೆಸರಿನ ಹಂಬಲವಿಲ್ಲ, ಹೇಳಿಕೊಳ್ಳುವಂತಹ ನಿಧಿಯೂ ಇಲ್ಲ. ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಹಂಚುವುದು, ಬಸವ ಜಯಂತಿಯಂದು ಪಾನಕ, ಮಜ್ಜಿಗೆ ಕೊಡುವುದು, ಇಷ್ಟರಲ್ಲಿಯೇ ತೃಪ್ತರಾಗಿದ್ದವರು ಆ ವರ್ಷ ಹೊಸದೊಂದಕ್ಕೆ ಕೈಹಾಕಿದ್ದರು. ನಗರದ ಪೂರ್ವಭಾಗದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಎರಡು ಕಂಪ್ಯೂಟರುಗಳನ್ನು ಕೊಡುವುದೆಂದು ನಿಶ್ಚಯಿಸಿದ್ದರು. ಆಸ್ಪತ್ರೆಯ ಹೆಸರನ್ನು ನಾವಿಲ್ಲಿ ಬರೆಯುವುದಿಲ್ಲ. ಮುಂದೆ ಹೇಳಲಿರುವ ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೇ ಆಗಿರುವಾಗ ಇನ್ನೊಬ್ಬರ ಹೆಸರನ್ನು ಎಳೆದು ತರುವುದು ಯೋಗ್ಯವಲ್ಲ.

ಅವರ ಮಾತನ್ನು ಕೇಳಿದೊಡನೆ ನಮಗೆ ಸಂತೋಷವಾಗಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ನಾವು ಎಂಟನೆಯ ವಯಸ್ಸಿನಿಂದ ಮಠದ ಅನ್ನವನ್ನುಂಡು ಬೆಳೆದವರು. ಹಸಿದವನಿಗೆ ಅನ್ನ, ಅರಿಯದವನಿಗೆ ಅಕ್ಷರ, ನೆಲೆಯಿಲ್ಲದವನಿಗೆ ಆಶ್ರಯ, ಈ ಮೂರನ್ನು ಬಿಟ್ಟು ನಾಲ್ಕನೆಯ ದಾಸೋಹವೊಂದು ಇದೆಯೆಂದು ನಮಗೆ ತೋರಿರಲಿಲ್ಲ. "ಕಾಯಿಲೆಯಿಂದ ಮಲಗಿದ ಮಕ್ಕಳಿಗೆ ಹಾಲು ಕೊಡಿ, ಹಣ್ಣು ಕೊಡಿ, ಹೊದೆಯಲು ಕಂಬಳಿ ಕೊಡಿ. ಆಟದ ಯಂತ್ರವೇಕೆ?" ಎಂದು ಕೇಳಿಯೇಬಿಟ್ಟೆವು. ಆ ಸಂಸ್ಥೆಯ ಖಜಾಂಚಿಗಳು ದೂರವಾಣಿನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇಂಜಿನಿಯರಾಗಿದ್ದವರು, ಮಿತಭಾಷಿಗಳು. ಅವರು, "ಶಾಸ್ತ್ರಿಗಳೇ, ಹಾಲು ಬ್ರೆಡ್ಡು ಆಸ್ಪತ್ರೆಯಲ್ಲೇ ಕೊಡುತ್ತಾರೆ. ಆ ಮಕ್ಕಳಿಗೆ ಇಲ್ಲದ್ದು ಒಂದೇ, ಹೊತ್ತು ಹೋಗುವುದಿಲ್ಲ" ಎಂದರು. ಆ ಮಾತಿನ ತೂಕ ಅಂದು ನಮಗೆ ತಿಳಿಯಲಿಲ್ಲ. ಭಕ್ತರ ಮನಸ್ಸನ್ನು ನೋಯಿಸಬಾರದೆಂದು ಒಪ್ಪಿಕೊಂಡೆವು.

ಸಮಾರಂಭ ವಿಜೃಂಭಣೆಯಿಂದಲೇ ನಡೆಯಿತು. ಎರಡೂ ಯಂತ್ರಗಳಿಗೆ ವಿಭೂತಿ ಧರಿಸಿ, ಹೂಮಾಲೆ ಹಾಕಿ, ಕಾಯಿ ಒಡೆದೆವು. ಗೋಡೆಗೆ ಹಿತ್ತಾಳೆಯ ಫಲಕವೊಂದನ್ನು ಜಡಿದರು. ಅದರಲ್ಲಿ ದಾನಿಗಳ ಹೆಸರಿನ ಕೆಳಗೆ ನಮ್ಮ ಹೆಸರೂ ಇತ್ತು. ನಾವು ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದೆವು. ಕೊಡುವವನು ತಾನು ಕೊಟ್ಟೆನೆಂದು ನೆನೆದರೆ ಅದು ದಾನ, ತನ್ನದಲ್ಲದ್ದನ್ನು ಅದರ ಒಡೆಯನಿಗೆ ಮುಟ್ಟಿಸಿದೆನೆಂದು ನೆನೆದರೆ ಅದು ದಾಸೋಹ, ಎಂದು ಉದಾಹರಣೆಗಳ ಸಹಿತ ವಿವರಿಸಿದೆವು. ಚಪ್ಪಾಳೆಯಾಯಿತು. ಉಪ್ಪಿಟ್ಟು, ಕೇಸರಿಭಾತು, ಕಾಫಿಯಾಯಿತು. ಮಕ್ಕಳು ಮಂಚಗಳ ಮೇಲಿಂದ ನೋಡುತ್ತಿದ್ದರು. ಅವರಲ್ಲಿ ಒಬ್ಬರನ್ನೂ ನಾವು ಮಾತನಾಡಿಸಲಿಲ್ಲ.

ಮುಂದಿನ ವರ್ಷ, 2019ರ ಆಷಾಢದಲ್ಲಿ, ಕೃಷ್ಣರಾಜಪುರದಲ್ಲಿರುವ ನಮ್ಮ ತಂಗಿಯ ಮೊಮ್ಮಗನಿಗೆ ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆಗಳು ಊದಿಕೊಂಡವು. ಏಳು ವರ್ಷದ ಬಾಲಕ. ನೆಗಡಿಯೆಂದುಕೊಂಡರು, ಎರಡು ದಿನಗಳಲ್ಲಿ ಮುಖ, ಹೊಟ್ಟೆ, ಕಾಲುಗಳೆಲ್ಲ ಊದಿದವು. ಮೂತ್ರಪಿಂಡಗಳು ದೇಹದ ಸಾರಾಂಶವಾದ ಪ್ರೋಟೀನನ್ನು ಸೋಸಿ ಉಳಿಸಿಕೊಳ್ಳಲಾರದೆ ಮೂತ್ರದಲ್ಲಿ ಹರಿಯಬಿಡುವ ಈ ಕಾಯಿಲೆಗೆ ವೈದ್ಯರು ನೆಫ್ರೋಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಬಹುಪಾಲು ಮಕ್ಕಳಿಗೆ ಸ್ಟೀರಾಯ್ಡ್ ಔಷಧದಿಂದ ಗುಣ ಕಾಣುತ್ತದೆ; ಆದರೆ ಗುಣವಾಯಿತೆಂದುಕೊಳ್ಳುವಷ್ಟರಲ್ಲಿ ಮರಳಿ ಬರುವುದೂ ಇದೆ. ಅವನನ್ನು ಸೇರಿಸಿದ್ದು, ವಿಧಿಯ ವಿಚಿತ್ರವೋ ಶಿವನ ಸಂಕಲ್ಪವೋ, ನಮ್ಮ ಹೆಸರಿನ ಫಲಕವಿದ್ದ ಆ ವಾರ್ಡಿಗೇ.

ಹುಡುಗನ ತಂದೆ ವೈಟ್‌ಫೀಲ್ಡಿನ ಕಡೆ ಪಾಳಿಯ ಕೆಲಸದಲ್ಲಿದ್ದನು. ತಾಯಿಗೆ ಕಂಕುಳಲ್ಲಿ ಇನ್ನೊಂದು ಮಗು. ಆದುದರಿಂದ ಹಗಲು ಹೊತ್ತು ಬಾಲಕನ ಬಳಿ ಕೂರುವ ಕೆಲಸ ನಮಗೆ ಬಂದಿತು. ಹತ್ತೊಂಬತ್ತು ದಿನ ಆ ವಾರ್ಡಿನಲ್ಲಿ ಕುಳಿತೆವು. ಹಿಂದಿನ ವರ್ಷ ಒಂದೂವರೆ ಗಂಟೆ ಇದ್ದು ಏನನ್ನೂ ಕಾಣದೆ ಬಂದಿದ್ದ ಸ್ಥಳವನ್ನು ಆಗ ಮೊದಲ ಬಾರಿಗೆ ನೋಡಿದೆವು.

ಆಸ್ಪತ್ರೆಯಲ್ಲಿ ಮಗುವಿನ ದಿನ ಬೆಳಿಗ್ಗೆ ಐದೂವರೆಗೆ, ರಕ್ತ ತೆಗೆಯುವವರು ಬಂದಾಗ ಆರಂಭವಾಗುತ್ತದೆ. ಎಂಟಕ್ಕೆ ತೂಕ, ಒಂಬತ್ತಕ್ಕೆ ಮಾತ್ರೆ, ಹತ್ತರ ಸುಮಾರಿಗೆ ವೈದ್ಯರ ತಂಡ. ಹನ್ನೊಂದರ ಹೊತ್ತಿಗೆ ದಿನದ ಘಟನೆಗಳೆಲ್ಲ ಮುಗಿದವು. ಅಲ್ಲಿಂದ ರಾತ್ರಿಯವರೆಗೆ ಮಗುವಿಗೆ ಉಳಿಯುವುದು ಮೇಲಿನ ಫ್ಯಾನು, ಎದುರಿನ ಗೋಡೆ ಮತ್ತು ಪಕ್ಕದ ಮಂಚದ ಅಳು. ದೊಡ್ಡವರು ಕಾಯಬಲ್ಲರು. ಬಿಡುಗಡೆ ಸೋಮವಾರವೆಂದರೆ ಸೋಮವಾರದ ಕಡೆಗೆ ಮನಸ್ಸನ್ನು ಇಟ್ಟುಕೊಂಡಿರಬಲ್ಲರು. ಏಳು ವರ್ಷದ ಮಗುವಿಗೆ ಸೋಮವಾರವೆಂಬುದು ಎಲ್ಲಿದೆಯೆಂದೇ ತಿಳಿಯದು. ನಮ್ಮ ಹುಡುಗನಿಗೆ ಇನ್ನೊಂದು ಸಂಕಟವಿತ್ತು. ಸ್ಟೀರಾಯ್ಡ್ ಔಷಧ ವಿಪರೀತ ಹಸಿವನ್ನು ಹುಟ್ಟಿಸುತ್ತದೆ. ಊತವಿರುವವರೆಗೆ ಉಪ್ಪನ್ನು ಮಾತ್ರ ಕೊಡಬಾರದು. ಪಕ್ಕದ ಮಂಚದ ಹುಡುಗಿಗೆ ಅವಳ ತಂದೆ ಶಿವಾಜಿನಗರದಿಂದ ಸಮೋಸ ತಂದಾಗ ಇವನು ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದನು. ನಾವು ಕಥೆ ಹೇಳಿದೆವು. ಪುರಾಣದ ಕಥೆಗಳು ಮೂರನೆಯ ದಿನಕ್ಕೆ ಸಾಲದಾದವು. ಕಥೆಯಲ್ಲಿ ಎಲ್ಲಿಯಾದರೂ ಪ್ರಸಾದವೋ ಭೋಜನವೋ ಬಂದರೆ ಸಾಕು, "ತಾತಾ, ಅದರಲ್ಲಿ ಉಪ್ಪು ಇರುತ್ತಾ?" ಎಂದು ಕೇಳುತ್ತಿದ್ದನು.

ನಾಲ್ಕನೆಯ ದಿನ ನಮಗೆ ಕಂಪ್ಯೂಟರಿನ ನೆನಪಾಯಿತು. ಅಲ್ಲಿಯವರೆಗೆ ಆಗಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಗೋಡೆಯ ಮೇಲೆ ಫಲಕವಿತ್ತು. ಫಲಕದ ಕೆಳಗೆ ಮೇಜಿರಲಿಲ್ಲ. ಹಿರಿಯ ಶುಶ್ರೂಷಕಿಯವರನ್ನು ವಿಚಾರಿಸಿದೆವು. ವಾರ್ಡಿನ ಕೊನೆಯಲ್ಲಿ ಸಾಮಾನಿನ ಕೋಣೆಯಿತ್ತು; ಬೀಗ ತೆರೆದು ತೋರಿಸಿದರು. ಎರಡೂ ಯಂತ್ರಗಳು ಹಳೆಯ ಬೆಡ್‌ಶೀಟಿನಡಿಯಲ್ಲಿ ಇದ್ದವು. ಒಂದರ ಮೇಲೆ ನಾವು ಹಾಕಿದ್ದ ಮಾಲೆ ಒಣಗಿ ದಾರ ಮಾತ್ರ ಉಳಿದಿತ್ತು.

ಮೊದಲು ನಮಗೆ ಬಂದದ್ದು ಕೋಪ. ಆ ತಾಯಿ ಶಾಂತವಾಗಿ ಹೇಳಿದ ಮಾತು ಇದು: "ಅಯ್ನೋರೆ, ನೀವು ಕೊಟ್ಟು ಹೋದಿರಿ. ನಾನು ಸ್ಟಾಕ್ ಪುಸ್ತಕದಲ್ಲಿ ಬರೆದುಕೊಂಡೆ. ಕೆಟ್ಟರೆ, ಕಳೆದರೆ ಉತ್ತರ ಹೇಳಬೇಕಾದವಳು ನಾನು. ಇಬ್ಬರು ಸಿಸ್ಟರುಗಳು, ಮೂವತ್ತು ಮಂಚ. ಇಂಜೆಕ್ಷನ್ ಕೊಡಲೋ, ಮಕ್ಕಳು ಆಡುವುದನ್ನು ಕಾಯಲೋ? ಒಂದು ವಾರ ಇಟ್ಟಿದ್ದೆ. ವೈರು ಎಡವಿ ಒಬ್ಬಳು ತಾಯಿ ಬಿದ್ದಳು. ಇಲಿ ಕೀಲಿಮಣೆಯ ತಂತಿ ಕಡಿಯಿತು. ಯಾರಿಗೆ ಹೇಳಬೇಕು ಎಂದು ನೋಡಿದರೆ ನಿಮ್ಮ ಫಲಕದಲ್ಲಿ ಫೋನ್ ನಂಬರೇ ಇಲ್ಲ."

ಫಲಕದಲ್ಲಿ ನಮ್ಮ ಬಿರುದುಗಳೆಲ್ಲ ಇದ್ದವು. ನಂಬರು ಇರಲಿಲ್ಲ.

ಆ ಸಂಜೆ ಖಜಾಂಚಿಗಳಿಗೆ ವಿಷಯ ತಿಳಿಸಿದೆವು. ಅವರು ಹಲಸೂರಿನವರೆಗೆ ಮೆಟ್ರೋದಲ್ಲಿ ಬಂದು, ಅಲ್ಲಿಂದ ಆಟೋ ಹಿಡಿದು, ಕೈಯಲ್ಲಿ ಸ್ಕ್ರೂಡ್ರೈವರುಗಳ ಚೀಲದೊಂದಿಗೆ ಬಂದುಬಿಟ್ಟರು. ನಮ್ಮನ್ನು ದೂರಲಿಲ್ಲ, ತಾವೂ ಒಂದು ವರ್ಷ ಬಂದು ನೋಡಲಿಲ್ಲವೆಂದು ತಮ್ಮನ್ನೇ ದೂರಿಕೊಂಡರು.

ಇಲ್ಲಿ ಸ್ವಲ್ಪ ಬೇರೆ ಮಾತು. ನಮ್ಮ ನಗರದ ಈ ಭಾಗಕ್ಕೆ ಪರೋಪಕಾರದ ಒಂದು ಹಳೆಯ ಪರಂಪರೆಯಿದೆ. ಅದನ್ನು ನಮ್ಮ ಸಮಾಜದವರು ಅಷ್ಟಾಗಿ ಅರಿತಿಲ್ಲ, ಏಕೆಂದರೆ ನಮ್ಮ ನೋಟವೆಲ್ಲ ಪೇಟೆಯ ಕಡೆಗೆ. ರೈಲು ನಿಲ್ದಾಣದ ಎದುರು 1903ರಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವನ್ನು ನಾವು ನಿತ್ಯವೂ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಅತ್ತ ದಂಡಿನ ಪ್ರದೇಶದಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿಯೇ ಬಡಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ 1868ರ ಕಾಲದ್ದು. ಪಕ್ಕದಲ್ಲಿಯೇ ಹೆಂಗಸರಿಗಾಗಿ ಲೇಡಿ ಕರ್ಜನ್ ಆಸ್ಪತ್ರೆ ಬಂದಿತು. ಪರದೆಯ ಪದ್ಧತಿಯಿಂದಾಗಿ ವೈದ್ಯರ ಬಳಿಗೆ ಹೋಗಲಾರದ ಸ್ತ್ರೀಯರಿಗೆಂದು ಹಾಜಿ ಸರ್ ಇಸ್ಮಾಯಿಲ್ ಸೇಠರು ಗೋಷಾ ಆಸ್ಪತ್ರೆಯನ್ನು ಕಟ್ಟಿಸಿಕೊಟ್ಟರು. ಈ ಕೊನೆಯದನ್ನು ನಾವು ಹಲವು ಬಾರಿ ಯೋಚಿಸಿದ್ದೇವೆ. ಆಸ್ಪತ್ರೆಯೇನೋ ಅಲ್ಲಿ ಇತ್ತು. ಆದರೆ ಇದ್ದ ಆಸ್ಪತ್ರೆ ಯಾರಿಗೆ ಮುಟ್ಟುತ್ತಿಲ್ಲವೆಂಬುದನ್ನು ಆ ವರ್ತಕರು ನೋಡಿದ್ದರು. ಕೊಡುವುದಕ್ಕಿಂತ ಮೊದಲು ಹೀಗೆ ನೋಡುವುದೊಂದಿದೆ. ಅದನ್ನು ಮುಕ್ಕಾಲು ಗಂಟೆಯ ನಮ್ಮ ಭಾಷಣದಲ್ಲಿ ಹೇಳಿರಲಿಲ್ಲ.

ಖಜಾಂಚಿಗಳು ನೋಡಿದರು. ಎರಡು ದಿನ ವಾರ್ಡಿನಲ್ಲಿ ಸುಮ್ಮನೆ ಕುಳಿತು ಯಾವ ಗಂಟೆಗೆ ಏನಾಗುತ್ತದೆಂದು ಚೀಟಿಯಲ್ಲಿ ಬರೆದುಕೊಂಡರು. ಮೂರನೆಯ ದಿನ ಗುಜರಿಯಿಂದ ಊಟ ಬಡಿಸುವ ಹಳೆಯ ಟ್ರಾಲಿಯೊಂದನ್ನು ತಂದರು. ಕೆಳಹಲಗೆಯಲ್ಲಿ ಬ್ಯಾಟರಿಯ ಯುಪಿಎಸ್ ಇಟ್ಟು, ಮೇಲೆ ಯಂತ್ರವನ್ನು ಬಿಗಿದು, ನೆಲದ ಮೇಲೆ ತಂತಿ ಹರಿಯದಂತೆ ಮಾಡಿದರು. ಕೀಲಿಮಣೆಗೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಒಂದು ಮಗು ಮುಟ್ಟಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಇನ್ನೊಂದಕ್ಕೆ. ಔಷಧದಿಂದ ರೋಗನಿರೋಧಕ ಶಕ್ತಿ ಕುಗ್ಗಿದ ಮಕ್ಕಳಿಗೆ ಕೀಲಿಮಣೆಯ ಕೊಳೆಯೇ ಅಪಾಯ. ರಿಪೇರಿಯ ಹೊಣೆ ನಮ್ಮದು, ಕೆಟ್ಟರೂ ಕಳೆದರೂ ಸಿಬ್ಬಂದಿಯನ್ನು ಕೇಳುವುದಿಲ್ಲ ಎಂದು ಸಂಸ್ಥೆಯ ಪರವಾಗಿ ಪತ್ರ ಬರೆದು ಮೇಲಧಿಕಾರಿಗಳ ಸಹಿ ಪಡೆದರು. ನಿಜವಾಗಿ ಬೀಗ ತೆರೆದದ್ದು ಈ ಪತ್ರ. ಹಿತ್ತಾಳೆಯ ಫಲಕದ ಕೆಳಗೆ ಕಾಗದದ ಮೇಲೆ ತಮ್ಮ ಫೋನ್ ನಂಬರನ್ನು ದೊಡ್ಡದಾಗಿ ಬರೆದು ಅಂಟಿಸಿದರು.

ಮಕ್ಕಳಿಗೆ ಕಲಿಸುವವರು ಯಾರು ಎಂಬ ಪ್ರಶ್ನೆಗೆ ಅವರು ನಕ್ಕುಬಿಟ್ಟರು. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಎಂಬವರು ಕೊಳೆಗೇರಿಯ ಕಡೆಗಿದ್ದ ಗೋಡೆಯಲ್ಲಿ ರಂಧ್ರ ಕೊರೆದು ಕಂಪ್ಯೂಟರೊಂದನ್ನು ಇಟ್ಟು ಹೋದ ಸಂಗತಿಯನ್ನು ಅವರೇ ನಮಗೆ ಹೇಳಿದ್ದು. ಅಕ್ಷರಜ್ಞಾನ ಸರಿಯಾಗಿಲ್ಲದ ಮಕ್ಕಳು ಯಾರ ಸಹಾಯವೂ ಇಲ್ಲದೆ ಅದನ್ನು ಬಳಸಲು ಕಲಿತರಂತೆ. ಆ ಪ್ರಯೋಗದ ಫಲಿತಾಂಶದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ವಾರ್ಡಿನಲ್ಲಿ ನಾವು ಕಂಡದ್ದು ಇಷ್ಟು: ಟ್ರಾಲಿ ಮೊದಲ ಮಂಚದ ಬಳಿ ನಿಂತ ಹತ್ತು ನಿಮಿಷಕ್ಕೆ, ನಡೆಯಬಲ್ಲ ಮಕ್ಕಳೆಲ್ಲ ಅಲ್ಲಿದ್ದರು.

ಅವರು ತುಂಬಿದ್ದ ತಂತ್ರಾಂಶಗಳಲ್ಲಿ ಚಿತ್ರ ಬರೆಯುವ ಒಂದಿತ್ತು, ಟಕ್ಸ್ ಪೇಂಟ್ ಎಂದು ಅದರ ಹೆಸರು. ಯಾರು ಬೇಕಾದರೂ ಹಣವಿಲ್ಲದೆ ಬಳಸಬಹುದು. ಕುಂಚದ ಚಿತ್ರ ಒತ್ತಿದರೆ ಕುಂಚ, ಬಣ್ಣ ಒತ್ತಿದರೆ ಬಣ್ಣ, ಓದು ಬೇಕಿಲ್ಲ. ಇದರ ಬೆಲೆ ದಂಡಿನ ಪ್ರದೇಶದ ವಾರ್ಡಿನಲ್ಲಿ ಕುಳಿತವರಿಗೇ ಗೊತ್ತು. ಮೂವತ್ತು ಮಂಚಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು. ಕೃಷ್ಣರಾಜಪುರದ ಕಡೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಬಂಗಾಳಿ, ಒಡಿಯಾ. ತಾಯಂದಿರು ಕೈಸನ್ನೆಯಲ್ಲಿ ಬಿಸಿನೀರು ಕೇಳಿಕೊಳ್ಳುತ್ತಿದ್ದರು. ನಮ್ಮ ಹುಡುಗನೂ ಸಮೋಸದ ಹುಡುಗಿಯೂ ನಾಲ್ಕು ದಿನ ಒಬ್ಬರನ್ನೊಬ್ಬರು ನೋಡದೆ ಮಲಗಿದ್ದವರು, ಟ್ರಾಲಿ ಬಂದ ಸಂಜೆ ಒಂದೇ ಆನೆಗೆ ಇಬ್ಬರೂ ಬಣ್ಣ ತುಂಬುತ್ತಿದ್ದರು. ಅವಳಿಗೆ ಉರ್ದು, ಇವನಿಗೆ ಕನ್ನಡ. ಆನೆಗೆ ಹಸಿರು ಬೇಕೆಂದು ಅವಳು, ಬೇಡವೆಂದು ಇವನು. ಜಗಳ ಯಾವ ಭಾಷೆಯಲ್ಲಿ ನಡೆಯಿತೋ ತಿಳಿಯದು. ಆ ಸಂಜೆ ಅವನು ಉಪ್ಪಿನ ವಿಷಯ ಎತ್ತಲಿಲ್ಲ.

ಇದರಲ್ಲಿ ಮನೋರಂಜನೆಯ ಆಚೆಗೂ ಒಂದು ವಿಷಯವಿದೆಯೆಂದು ತಿಳಿದದ್ದು ಸುಟ್ಟಗಾಯದ ಬಾಲಕಿಯೊಬ್ಬಳಿಂದ. ಸ್ಟವ್ವಿನ ಮೇಲಿದ್ದ ಬಿಸಿನೀರು ಬಲಗೈ ಮೇಲೆ ಸುರಿದಿತ್ತು. ದಿನ ಬಿಟ್ಟು ದಿನ ಪಟ್ಟಿ ಬಿಚ್ಚಿ ಕಟ್ಟುವಾಗ ಅವಳ ಕೂಗಿಗೆ ನಾವು ಹೊರಗೆ ಹೋಗಿ ನಿಲ್ಲುತ್ತಿದ್ದೆವು. ಟ್ರಾಲಿ ಬಂದ ಮೇಲೆ ಒಬ್ಬ ಕಿರಿಯ ವೈದ್ಯೆ ತಾವಾಗಿಯೇ ಅದನ್ನು ಪಟ್ಟಿ ಕಟ್ಟುವ ಮಂಚದ ಎಡಗಡೆಗೆ ತರಿಸಿದರು. ಹುಡುಗಿ ಎಡಗೈಯಲ್ಲಿ ಮೌಸು ಹಿಡಿದು ಮೇಲಿಂದ ಬೀಳುವ ಚೆಂಡುಗಳನ್ನು ಹಿಡಿಯುವ ಆಟವಾಡುತ್ತಿರಲು ಬಲಗೈಯ ಕೆಲಸ ನಡೆಯಿತು. ಅತ್ತಳು, ಅಳಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಕೂಗಲಿಲ್ಲ. ಆ ವೈದ್ಯೆ ಮುಂದೆ ನಮಗೆ ವಿವರಿಸಿದ್ದು ಹೀಗೆ: ನೋವೆಂಬುದು ಗಾಯದಿಂದ ಮೆದುಳಿಗೆ ನೇರವಾಗಿ ಹೋಗುವ ತಂತಿಯ ಸುದ್ದಿಯಲ್ಲ, ನಡುವೆ ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂತಹ ವ್ಯವಸ್ಥೆಯಿದ್ದು, ಮನಸ್ಸು ಎತ್ತ ಇದೆಯೆಂಬುದರ ಮೇಲೆ ಅದು ತೆರೆಯುವುದು, ಮುಚ್ಚುವುದು ಆಗುತ್ತದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು. ಅಮೆರಿಕದ ಸಿಯಾಟಲ್ ನಗರದಲ್ಲಿ 1990ರ ದಶಕದಲ್ಲಿ ಹಾಫ್‌ಮನ್ ಮತ್ತು ಪ್ಯಾಟರ್‌ಸನ್ ಎಂಬವರು ಸುಟ್ಟಗಾಯದ ರೋಗಿಗಳಿಗೆಂದೇ ಹಿಮದ ಕಣಿವೆಯ ಆಟವೊಂದನ್ನು ರೂಪಿಸಿದರು. ಪಟ್ಟಿ ಬಿಚ್ಚುವಾಗ ರೋಗಿ ಕಣ್ಣಿಗೆ ಕಟ್ಟಿದ ಯಂತ್ರದಲ್ಲಿ ಹಿಮದ ಉಂಡೆಗಳನ್ನು ಎಸೆಯುತ್ತಿರುತ್ತಾನೆ. ನೋವು ಕಡಿಮೆಯೆಂದು ರೋಗಿಗಳೇ ಹೇಳಿದ್ದು ಲೆಕ್ಕಕ್ಕೆ ಸಿಕ್ಕಿದೆ. ಅದೇ ಸಿಯಾಟಲ್ಲಿನಲ್ಲಿ 2003ರಲ್ಲಿ ಹೋಲ್ಕಿನ್ಸ್ ಮತ್ತು ಕ್ರಾಹುಲಿಕ್ ಎಂಬ ಇಬ್ಬರು ವ್ಯಂಗ್ಯಚಿತ್ರದ ಲೇಖಕರು, ಆಟಗಳನ್ನು ಆಡುವವರಿಂದಲೇ ಹಣ ಕೂಡಿಸಿ ಆಸ್ಪತ್ರೆಯ ಮಕ್ಕಳಿಗೆ ಆಟಿಕೆ, ಕಂಪ್ಯೂಟರ್ ಆಟಗಳನ್ನು ಕೊಡುವ ಚೈಲ್ಡ್ಸ್ ಪ್ಲೇ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು.

ಇದನ್ನೆಲ್ಲ ಕೇಳಿದಾಗ ನಮ್ಮ ಬಾಲ್ಯದ ಒಂದು ಸಂಗತಿ ನೆನಪಾಯಿತು. ಹತ್ತನೆಯ ವಯಸ್ಸಿನಲ್ಲಿ ಮಠದ ವಿದ್ಯಾರ್ಥಿನಿಲಯದಲ್ಲಿ ನಮಗೆ ವಿಷಮಶೀತಜ್ವರ ಬಂದಿತ್ತು. ಹಜಾರದ ಕೊನೆಯ ಕೋಣೆಯಲ್ಲಿ ಮೂರು ವಾರ ಮಲಗಿಸಿದ್ದರು. ಗಂಜಿ, ಔಷಧ, ಆರೈಕೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಇಂದು ನೆನಪಿರುವುದು ಸಂಸ್ಕೃತ ಪಾಠಶಾಲೆಯ ಹಿರಿಯ ವಿದ್ಯಾರ್ಥಿಯೊಬ್ಬನು ದಿನವೂ ಸಂಜೆ ಬಾಗಿಲಿನಲ್ಲಿ ಕುಳಿತು ಹುಣಿಸೆಬೀಜಗಳಿಂದ ಚೌಕಾಬಾರ ಆಡುತ್ತಿದ್ದುದು. ಒಳಗೆ ಬರಬಾರದೆಂದು ಅಪ್ಪಣೆಯಾಗಿತ್ತು. ನಮ್ಮ ಕಾಯಿಗಳನ್ನೂ ಅವನೇ ನಡೆಸುತ್ತಿದ್ದನು, ಮೋಸ ಮಾಡದೆ. ಐವತ್ತು ವರ್ಷಗಳ ಕಾಲ ಈ ನೆನಪನ್ನು ಇಟ್ಟುಕೊಂಡೇ "ಆಟದ ಯಂತ್ರವೇಕೆ" ಎಂದು ಕೇಳಿದ್ದೆವು!

ಇಂಗ್ಲೆಂಡಿನಲ್ಲಿ 1950ರ ದಶಕದವರೆಗೂ ಆಸ್ಪತ್ರೆಗೆ ಸೇರಿದ ಮಗುವನ್ನು ನೋಡಲು ತಾಯಿಗೇ ಸರಿಯಾಗಿ ಅವಕಾಶವಿರಲಿಲ್ಲವಂತೆ. ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ, ಎರಡು ವರ್ಷದ ಹೆಣ್ಣುಮಗುವೊಂದು ಆಸ್ಪತ್ರೆಯಲ್ಲಿ ದಿನದಿನಕ್ಕೆ ಕುಗ್ಗುವುದನ್ನು ಚಲನಚಿತ್ರವಾಗಿ ತೆಗೆದು ತೋರಿಸಿದ ಮೇಲೆ ಜನರ ಮನಸ್ಸು ಕದಲಿತು. 1959ರ ಪ್ಲಾಟ್ ಸಮಿತಿ ತಾಯಂದಿರನ್ನು ಒಳಬಿಡಬೇಕೆಂದಿತು. 1988ರಲ್ಲಿ ಯೂರೋಪಿನ ಸಂಘಗಳು ಲೈಡನ್ ನಗರದಲ್ಲಿ ಸೇರಿ ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟ, ಪಾಠಗಳ ಅವಕಾಶವೂ ಇರಬೇಕೆಂದು ಸನ್ನದಿನಲ್ಲಿ ಬರೆದರು. ಆಟವಾಡುವ ಹಕ್ಕನ್ನು ಒಳಗೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವೂ 1992ರಲ್ಲಿ ಒಪ್ಪಿದೆ. ತಾಯಿಯ ವಿಷಯದಲ್ಲಿ ನಮ್ಮ ಆಸ್ಪತ್ರೆಗಳು ಯಾರಿಂದಲೂ ಕಲಿಯಬೇಕಿಲ್ಲ. ಮಂಚದ ಕೆಳಗೆ ಚಾಪೆ ಹಾಸಿಕೊಂಡು ತಾಯಿ ಇದ್ದೇ ಇರುತ್ತಾಳೆ, ಅಜ್ಜಿಯೂ ಇರುತ್ತಾಳೆ. ಆದರೆ ಮಗು ಮಗುವಾಗಿಯೂ ಇರಬೇಕು, ಬರಿಯ ರೋಗಿಯಾಗಿ ಅಲ್ಲ, ಎಂಬ ಕಡೆಗೆ ನಮ್ಮ ಗಮನ ಹರಿದದ್ದು ತಡವಾಗಿ. 1990ರ ದಶಕದ ಕೊನೆಗೆ ಇನ್ಫೋಸಿಸ್ ಸಂಸ್ಥೆ ತಾನು ಬಳಸಿದ ಕಂಪ್ಯೂಟರುಗಳನ್ನು ಶಾಲೆಗಳಿಗೆ ಕೊಡತೊಡಗಿತು. ಶಾಲೆಗೇ ಹೋಗಲಾರದೆ ಮಲಗಿರುವ ಮಕ್ಕಳನ್ನು ಕುರಿತು ಆಗ ಯೋಚಿಸಿದವರು ಕಡಿಮೆ.

ನಮ್ಮ ಹುಡುಗನು ಮನೆಗೆ ಹೋದನು. ನಾವು ಪ್ರತಿ ಗುರುವಾರ ಮಧ್ಯಾಹ್ನ ಆ ವಾರ್ಡಿಗೆ ಹೋಗುವುದನ್ನು ಉಳಿಸಿಕೊಂಡೆವು. ಉಳಿದ ದಿನಗಳಿಗೆ ಸಂಸ್ಥೆಯ ಇತರರೂ ಕಾಲೇಜಿನ ಇಬ್ಬರು ಹೆಣ್ಣುಮಕ್ಕಳೂ ಹೊಣೆ ಹೊತ್ತರು. ಆರಂಭದಲ್ಲಿ ನಾವು ಟ್ರಾಲಿ ನೂಕುವುದಕ್ಕೆ ಮಾತ್ರ ಯೋಗ್ಯರಾಗಿದ್ದೆವು. ಕಾಲು ಮುರಿದು ತೂಕ ಕಟ್ಟಿಸಿಕೊಂಡು ಆರು ವಾರ ಮಲಗಿದ್ದ ಹತ್ತು ವರ್ಷದ ಹುಡುಗನೊಬ್ಬನು ನಮ್ಮ ಅಜ್ಞಾನಕ್ಕೆ ಮರುಗಿ ಕನ್ನಡ ಬೆರಳಚ್ಚನ್ನು ಕಲಿಸಿಕೊಟ್ಟನು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಗಳ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ. ಬಿ, ಎಸ್, ವಿ ಎಂಬ ಮೂರು ಕೀಲಿಗಳನ್ನು ಒತ್ತಿದರೆ ‘ಬಸವ’ ಎಂದು ಮೂಡುತ್ತದೆ. ಶಿಫ್ಟ್ ಹಿಡಿದು ಎನ್ ಒತ್ತಿದರೆ ‘ಣ’; ಅದರ ಮುಂದೆ ಎಫ್ ಒತ್ತಿ, ಮತ್ತೆ ‘ಣ’ ಒತ್ತಿದರೆ ‘ಬಸವಣ್ಣ’. "ಎಫ್ ಅಂದರೆ ಅಂಟು ತಾತಾ, ಎರಡು ಅಕ್ಷರ ಅಂಟಿಸುತ್ತೆ" ಎಂದನು. ವ್ಯಾಕರಣವನ್ನು ನಲವತ್ತು ವರ್ಷ ಬೋಧಿಸಿದ ನಾವು ಸಂಯುಕ್ತಾಕ್ಷರಕ್ಕೆ ಇಷ್ಟು ಸರಳವಾದ ಲಕ್ಷಣವನ್ನು ಯಾವ ಗ್ರಂಥದಲ್ಲಿಯೂ ಕಂಡಿರಲಿಲ್ಲ. ಈ ಲೇಖನವನ್ನು ಅವನ ಪಾಠದ ಬಲದಿಂದಲೇ ಬೆರಳಚ್ಚು ಮಾಡುತ್ತಿದ್ದೇವೆ.

ಎಲ್ಲವೂ ಸುಗಮವಾಗಿತ್ತೆಂದು ವಾಚಕರು ಭಾವಿಸಬಾರದು. ಸರದಿಗಾಗಿ ಜಗಳಗಳಾದವು. ದಾನಿಗಳ ಮನೆಯ ಹುಡುಗನೊಬ್ಬನು ಬಂದೂಕಿನ ಆಟವೊಂದನ್ನು ತುಂಬಿಹೋದನು, ನಾವು ತೆಗೆಸಿದೆವು. ಕೆಲವು ಮಕ್ಕಳು ಪರದೆಯ ಕಡೆ ತಿರುಗಿಯೂ ನೋಡಲಿಲ್ಲ, ಅವರಿಗೆ ಯಾರಾದರೂ ಬೆನ್ನು ಸವರುತ್ತ ಕುಳಿತಿರಬೇಕಾಗಿತ್ತು. ತೀವ್ರ ಜ್ವರದವರಿಗೆ ಬೆಳಕೇ ಹಿಂಸೆ. ಯಂತ್ರವೊಂದಿದ್ದರೆ ಮನುಷ್ಯರು ಬೇಡವೆಂದುಕೊಳ್ಳುವವರಿಗೆ ನಾವು ಹೇಳುವುದು, ನಮ್ಮ ಅನುಭವದಲ್ಲಿ ಯಂತ್ರ ಬಂದ ಮೇಲೆಯೇ ಹೆಚ್ಚು ಮನುಷ್ಯರು ಬೇಕಾದರು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. 2019ರ ಕಾರ್ತಿಕದಲ್ಲಿ ಮಾಲೂರಿನ ಕಡೆಯ ಒಂಬತ್ತು ವರ್ಷದ ಬಾಲೆಯೊಬ್ಬಳು ನಿಲ್ಲದ ಜ್ವರವೆಂದು ಬಂದು ಸೇರಿದಳು. ಮೂರು ಗುರುವಾರ ಅವಳೊಂದಿಗೆ ಕುಳಿತೆವು. ಅವಳು ತಮ್ಮ ಮನೆಯನ್ನು ಬರೆದಳು: ಹುಲ್ಲಿನ ಬಣವೆ, ಎರಡು ರೇಷ್ಮೆ ತಟ್ಟೆ, ಬಾಗಿಲಲ್ಲಿ ಅಪ್ಪ. ಅಪ್ಪನ ಮೀಸೆಯನ್ನು ಮೂರು ಬಾರಿ ಅಳಿಸಿ ತಿದ್ದಿದಳು. ಪರೀಕ್ಷೆಗಳು ರಕ್ತದ ಕ್ಯಾನ್ಸರೆಂದು ತಿಳಿಸಿದ ಮೇಲೆ ಅವಳನ್ನು ಕಿದ್ವಾಯಿ ಸಂಸ್ಥೆಗೆ ಕಳುಹಿಸಿದರು. ಅಲ್ಲಿ ನಾವೂ ಎರಡು ಬಾರಿ ಹೋಗಿ ನೋಡಿದೆವು. ಆ ಕಾಯಿಲೆಗೆ ಚಿಕಿತ್ಸೆ ಎರಡು ಮೂರು ವರ್ಷಗಳವರೆಗೆ ನಡೆಯುವುದರಿಂದ ಮಕ್ಕಳ ಓದು ನಿಂತುಹೋಗಬಾರದೆಂದು ಸಮೀಕ್ಷಾ ಎಂಬ ಪ್ರತಿಷ್ಠಾನದವರು ಅಲ್ಲಿಯ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದಾರೆಂದು ಅಲ್ಲಿ ತಿಳಿಯಿತು. ಕೂದಲು ಉದುರಿದ ಮಕ್ಕಳು ಲೆಕ್ಕ ಮಾಡುವುದನ್ನು ನೆನೆದರೆ ಈಗಲೂ ನಮ್ಮ ತಲೆ ಬಾಗುತ್ತದೆ. ಆ ಬಾಲೆ 2020ರ ಬೇಸಿಗೆಯಲ್ಲಿ ಲಿಂಗೈಕ್ಯಳಾದಳೆಂದು ಬಹಳ ತಡವಾಗಿ ಕೇಳಿದೆವು. ಅವರು ನಮ್ಮ ಮತದವರಲ್ಲ. ಆದರೂ ನಮಗೆ ಬೇರೆ ಶಬ್ದ ಬರುವುದಿಲ್ಲ.

ಕೋವಿಡ್ ಬಂದಾಗ ಮಕ್ಕಳ ವಾರ್ಡನ್ನು ಬೇರೆಡೆಗೆ ಸಾಗಿಸಿ ಟ್ರಾಲಿಗಳನ್ನು ಮತ್ತೆ ಸಾಮಾನಿನ ಕೋಣೆಗೆ ತಳ್ಳಿದ್ದರು. ಮಳೆನೀರು ಇಳಿದು ಒಂದು ಯಂತ್ರ ಕೆಟ್ಟಿತು. 2021ರ ಕೊನೆಯಲ್ಲಿ ಖಜಾಂಚಿಗಳು ಅದರ ಡಿಸ್ಕನ್ನು ಬದಲಾಯಿಸಿ, ಹಳೆಯದನ್ನು ಗುಜರಿಗೆ ಕೊಟ್ಟು, ಯಂತ್ರವನ್ನು ಮರಳಿ ಓಡುವಂತೆ ಮಾಡಿದರು. ನಾವೆಲ್ಲ ಸಂತೋಷಪಟ್ಟೆವು.

2022ರ ಫೆಬ್ರವರಿಯ ಒಂದು ಗುರುವಾರ ವಾರ್ಡಿನ ಬಾಗಿಲಲ್ಲಿ ಒಬ್ಬ ರೈತರು ನಿಂತಿದ್ದರು. ಮೀಸೆಯನ್ನು ನೋಡಿ ಗುರುತು ಹಿಡಿದೆವು. ಮಾಲೂರಿನಿಂದ ರೈಲಿನಲ್ಲಿ ಬಂದಿದ್ದರು. "ಅಯ್ನೋರೆ, ನಮ್ಮ ಮಗು ಇಲ್ಲಿ ಒಂದು ಚಿತ್ರ ಬರೆದಿತ್ತಂತೆ. ಅಪ್ಪನದೂ ಇದೆ ಅಂತ ಹೇಳಿತ್ತು. ಅದನ್ನು ಕೊಡಲಿಕ್ಕೆ ಆಗುತ್ತಾ?" ಎಂದರು.

ಎರಡು ಯಂತ್ರಗಳಲ್ಲಿಯೂ ಹುಡುಕಿದೆವು. ಕಾಲೇಜಿನ ಹೆಣ್ಣುಮಗಳು ಬಂದು ಹುಡುಕಿದಳು. ಖಜಾಂಚಿಗಳಿಗೆ ಫೋನ್ ಮಾಡಿದೆವು. ಅವರು ಆ ಕಡೆಯಿಂದ ಬಹಳ ಹೊತ್ತು ಮಾತನಾಡಲಿಲ್ಲ. ನಾವು ಆ ತಂದೆಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು, ಚಿತ್ರದಲ್ಲಿ ಏನೇನು ಇತ್ತೆಂಬುದನ್ನು ಒಂದೊಂದಾಗಿ ಹೇಳಿದೆವು, ಬಣವೆ, ತಟ್ಟೆ, ಬಾಗಿಲು, ಮೂರು ಬಾರಿ ತಿದ್ದಿದ ಮೀಸೆ. ಅವರು ಕೇಳಿದರು. "ಮೀಸೆ ಬರೆದಿತ್ತಾ" ಎಂದು ಒಮ್ಮೆ ಅಂದರು. ಐದು ಗಂಟೆಯ ರೈಲಿಗೆ ಹೋಗಬೇಕೆಂದು ಎದ್ದು ಕೈಮುಗಿದು ಹೋದರು.

ಮರುವಾರ ಸಂಸ್ಥೆಯವರು ಒಂದು ಪ್ರಿಂಟರನ್ನು ಕೊಂಡರು. ಈ ಬಾರಿ ಫಲಕವಿಲ್ಲ, ಭಾಷಣವೂ ಇಲ್ಲ. ಮಗು ಬರೆದದ್ದನ್ನು ಅಂದೇ ಎರಡು ಪ್ರತಿ ತೆಗೆಯುತ್ತೇವೆ, ಒಂದು ಮಗುವಿನ ಕೈಗೆ, ಇನ್ನೊಂದು ವಾರ್ಡಿನ ಕಡತಕ್ಕೆ. ಬಣ್ಣದ ಶಾಯಿ ದುಬಾರಿ. ತಿಂಗಳ ಕೊನೆಗೆ ಆನೆಗಳೆಲ್ಲ ಕಪ್ಪುಬಿಳುಪಾಗುತ್ತವೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ ಹತ್ತಕ್ಕೆ ಕಂಪನಿಯ ಬೆಂಬಲ ನಿಂತುದರಿಂದ ಯಂತ್ರಗಳಿಗೆ ಲಿನಕ್ಸ್ ಹಾಕುವ ಕೆಲ�ಸ ಖಜಾಂಚಿಗಳ ಮನೆಯ ಊಟದ ಮೇಜಿನ ಮೇಲೆ ನಡೆದಿದೆ. ಗುರುವಾರಗಳಂದು ಜೊತೆಗೆ ಕೂರಬಲ್ಲ ಬಂಧುಗಳಿದ್ದರೆ ಈ ಪತ್ರಿಕೆಯ ಕಾರ್ಯಾಲಯಕ್ಕೆ ತಿಳಿಸಬಹುದು. ಕಂಪ್ಯೂಟರ್ ಬಾರದವರೂ ಆಗಬಹುದು, ಮಕ್ಕಳು ಕಲಿಸುತ್ತಾರೆ.